ವೀಳ್ಯ ಪಡೆದ ಉಪಾಧ್ಯಕ್ಷೆ

ಗೆಲ್ಲುವ ಆಸೆಯೇ ಇಲ್ಲದೆ ಚುನಾವಣೆಗೆ ನಿಂತವನೊಬ್ಬನ ಮಾತನ್ನು ನೀವು ನಂಬುತ್ತೀರಾ? ಅವಸರದಿಂದ ಉತ್ತರಿಸಬೇಡಿ. ಗೆದ್ದೇ ತೀರುತ್ತೇನೆಂದು ನಿಂತವರನ್ನು ನಂಬಿದ ಅನುಭವ ನಿಮಗೂ ಇದ್ದೇ ಇರುತ್ತದೆ. ಅದನ್ನೊಮ್ಮೆ ನೆನೆದು ನಿಧಾನವಾಗಿ ಹೇಳಿ. ಕೇಳಲು ಕಾರಣವಿದೆ. ನಾನೂ ಒಮ್ಮೆ ಹಾಗೆ ನಿಂತಿದ್ದೆ. ಪದವಿ ಸಣ್ಣದೇನಲ್ಲ, ಅಮೆರಿಕದ ಅಧ್ಯಕ್ಷಗಿರಿ. ಪ್ರಚಾರ ನಡೆದದ್ದು ಕೊಟ್ಟೂರಿನಲ್ಲಿ.

ಆ ದೇಶದಲ್ಲಿ ಇದೊಂದು ಹಳೆಯ ವಿನೋದ. ದೊಡ್ಡ ಚುನಾವಣೆ ಹತ್ತಿರ ಬಂದಾಗ ಯಾರಾದರೂ ಹಾಸ್ಯಗಾರ ತಾನೂ ಅಭ್ಯರ್ಥಿಯೆಂದು ಘೋಷಿಸಿಕೊಳ್ಳುತ್ತಾನೆ. ಭಾಷಣ, ಭಿತ್ತಿಪತ್ರ, ಪ್ರಣಾಳಿಕೆ ಎಲ್ಲವೂ ಇರುತ್ತವೆ, ಗೆಲ್ಲುವ ಉದ್ದೇಶವೊಂದನ್ನು ಬಿಟ್ಟು. ಅಲ್ಲಿ ಅಧ್ಯಕ್ಷನ ಜೊತೆಗೆ ಉಪಾಧ್ಯಕ್ಷನೂ ನಿಲ್ಲಬೇಕಾದ್ದರಿಂದ ಅವನು ಒಬ್ಬ ಗಾಯಕಿಯನ್ನೋ ಕುಸ್ತಿಪಟುವನ್ನೋ ಜೋಡಿ ಮಾಡಿಕೊಳ್ಳುತ್ತಾನೆ. ಜೋಡಿ ಎಷ್ಟು ಅಸಂಬದ್ಧವೋ ನಗೆ ಅಷ್ಟು ದೊಡ್ಡದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ವಾದಿಸಿ ಬಹುಮಾನ ತಂದವನು ನಾನು. ಆ ಬಳಿಕ ಈ ಭಾಗದ ಯಾವ ಸಭೆಯಲ್ಲೂ ನನಗೆ ಮೂರು ನಿಮಿಷಕ್ಕಿಂತ ಹೆಚ್ಚು ಕಾಲ ಕೊಟ್ಟವರಿಲ್ಲ. ಸಮಾಜವನ್ನು ತಿದ್ದುವ ನನ್ನ ಹಂಬಲಕ್ಕೆ ಇಷ್ಟು ವಿಶಾಲವಾದ ವೇದಿಕೆ ಮತ್ತೆಲ್ಲಿ ದೊರೆತೀತು?

ಊರಿನ ಓದುಗರ ಬಳಗವು ವರ್ಷಕ್ಕೊಮ್ಮೆ ಭಾನುವಾರದ ಬೆಳಿಗ್ಗೆ ನಗೆಕೂಟ ನಡೆಸುತ್ತದೆ. ಅಲ್ಲಿಯೇ ಉಮೇದುವಾರಿಕೆ ಪ್ರಕಟಿಸಲು ನಿಶ್ಚಯಿಸಿದೆ. ಇನ್ನು ಬೇಕಾದದ್ದು ಒಬ್ಬ ತಾರೆ. ನಮ್ಮ ಐದು ತಾಲ್ಲೂಕುಗಳಲ್ಲಿ ಕೊಟ್ರಮ್ಮನವರಿಗಿಂತ ದೊಡ್ಡ ತಾರೆ ಇಲ್ಲ. ಮೂವತ್ತು ವರ್ಷ ನಾಟಕ ಕಂಪನಿಗಳಲ್ಲಿ ಘಟವಾಣಿ ಅತ್ತೆಯ ಪಾತ್ರ ಮಾಡಿದವರು. ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರು ಇಂದಿಗೂ ಅವರನ್ನು, "ಆ ಸೊಸಿಗೆ ಅಷ್ಟು ಕಾಟ ಕೊಡಬಾರದಿತ್ತು ನೀನು" ಎಂದು ಬೈಯುವುದುಂಟು. ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಕಲಾವಿದರಿಗಿದೆ? ಅವರನ್ನೇ ಕೂಟಕ್ಕೆ ಕರೆದೆ.

ಕೂಟದ ದಿನ ಸಭೆ ನಕ್ಕಿತು ಎಂದು ವಿನಯದಿಂದಲೇ ಹೇಳಬಲ್ಲೆ. ಶ್ವೇತಭವನಕ್ಕೆ ಪ್ರತಿ ಶುಕ್ರವಾರ ಹಡಗಲಿಯ ಮಲ್ಲಿಗೆ, ಅಮೆರಿಕದ ಸಂಸತ್ತಿನಲ್ಲಿ ಜಗಳವಾದಾಗಲೆಲ್ಲ ಎರಡೂ ಪಕ್ಷಗಳಿಗೆ ಮಂಡಕ್ಕಿ ಮಿರ್ಚಿ: ಹೀಗಿತ್ತು ನನ್ನ ಪ್ರಣಾಳಿಕೆ. ಕೊನೆಗೆ, ದೃಶ್ಯಕ್ಕೊಂದು ಕಳೆ ಬರಲೆಂದು, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೊಟ್ರಮ್ಮನವರಿಗೆ ವೀಳ್ಯ ಕೊಟ್ಟು ಉಪಾಧ್ಯಕ್ಷೆಯೆಂದು ಸಾರಿದೆ. ಅವರು ನಗಲಿಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಎಂಥ ಅಭಿನಯ ಎಂದು ನಾನು ಮೆಚ್ಚಿದೆ.

ಅದು ಅಭಿನಯವಾಗಿರಲಿಲ್ಲ ಎಂದು ತಿಳಿದದ್ದು ಮರುದಿನ ಬೆಳಿಗ್ಗೆ. ಚಹಾದ ಲೋಟ ಕೈಯಲ್ಲಿರುವಾಗಲೇ ಅವರು ಬಾಗಿಲಲ್ಲಿದ್ದರು.

"ಮೇಷ್ಟ್ರೆ, ಮುಂದಿನ ಸೀನ್ ಯಾವುದ್ರಿ?"

"ಯಾವ ಸೀನೂ ಇಲ್ಲ ಅಮ್ಮಾರೆ. ಅದು ನಗೋದಕ್ಕೆ ಮಾಡಿದ್ದು. ನಿನ್ನೆಗೇ ಮುಗೀತು."

"ಮುಗೀತಾ? ಮಂಗಳ ಎಲ್ಲಿ ಹಾಡಿದ್ರಿ? ನಾನು ವೀಳ್ಯ ತಗಂಡೀನಿ. ಮಂಗಳ ಹಾಡೋ ತನಕ ಬಣ್ಣ ತೊಳಿಯಂಗಿಲ್ಲ ನಾವು."

ಹೆಚ್ಚು ಓದಿದವನು ಮಾತ್ರ ಮಾಡಬಹುದಾದ ತಪ್ಪು ಮಾಡಿದ್ದೆ. ಕಂಪನಿ ನಾಟಕದವರಿಗೆ ವೀಳ್ಯವೆಂದರೆ ಕರಾರು. ಅದನ್ನು ಹಿಡಿದ ಮೇಲೆ ಜ್ವರವಿರಲಿ, ಮನೆಯಲ್ಲಿ ಮದುವೆಯಿರಲಿ, ಆಟ ಪೂರ್ತಿಯಾಗುವವರೆಗೆ ಕಲಾವಿದರು ಬಿಟ್ಟುಹೋಗುವುದಿಲ್ಲ. ನಾನಾದರೋ ಅದನ್ನು ಅಲಂಕಾರಕ್ಕೆ ಬಳಸಿದ್ದೆ. ಪಾರಾಗುವ ಉಪಾಯವೆಂದು ಅಮೆರಿಕದ ಸಂವಿಧಾನವನ್ನೇ ಮುಂದಿಟ್ಟೆ: ಉಪಾಧ್ಯಕ್ಷರಿಗೆ ಅಲ್ಲಿ ಹೇಳಿಕೊಳ್ಳುವಂಥ ಕೆಲಸವಿಲ್ಲ, ಮೇಲ್ಮನೆಯಲ್ಲಿ ಮತಗಳು ಸಮವಾದರೆ ಒಂದು ಮತ ಹಾಕಬೇಕು, ಉಳಿದಂತೆ ಸುಮ್ಮನೆ ಕಾಯುತ್ತಿರಬೇಕು.

"ಕಾಯೋದು ನನಗ ಹೇಳಿಕೊಡ್ತೀರೇನ್ರಿ?" ಎಂದರು ಕೊಟ್ರಮ್ಮ. "ನಾಟಕಕ್ಕ ಹೋಗ್ತಾ ಬರ್ತಾ ಆ ಬಸ್ ಸ್ಟ್ಯಾಂಡಿನ್ಯಾಗ ಎಷ್ಟು ವರ್ಷ ಕಾದೀನಿ. ಹೆಂಗಸರ ಪಾಯಖಾನಿಗೆ ಕಟ್ಟಿಸಿದಾಗಿಂದ ಬೀಗ. ಅದಕ್ಕ ಮುಂಜಾನಿಂದ ಒಂದು ಹನಿ ನೀರು ಕುಡಿಯಂಗಿಲ್ಲ ನಾನು. ಈಗ ಡಾಕ್ಟ್ರು ಮೂತ್ರಪಿಂಡದಾಗ ಕಲ್ಲು ಐತಿ, ದಿನಾ ಮೂರು ಲೀಟರ್ ಕುಡೀಬೇಕು ಅಂತಾರ. ಕುಡಿದ್ರ ಬಸ್ ಸ್ಟ್ಯಾಂಡಿನ್ಯಾಗ ಸಾಯಬೇಕು, ಬಿಟ್ರ ಮನಿಯಾಗ. ನಿಮ್ಮ ಪ್ರಣಾಳಿಕಿಯಾಗ ಮಲ್ಲಿಗಿ ಇತ್ತು, ಮಿರ್ಚಿ ಇತ್ತು. ಇದು ಇರಲಿಲ್ಲ ನೋಡ್ರಿ."

ಅದೇ ನಿಲ್ದಾಣದಲ್ಲಿ ನಾನೂ ವರ್ಷಗಟ್ಟಲೆ ಬಸ್ಸು ಹಿಡಿದಿದ್ದೇನೆ. ಅದರ ಗೋಡೆಗೆ ಒರಗಿ ಸ್ತ್ರೀ ಸಮಾನತೆಯ ಮೇಲೆ ಭಾಷಣವೊಂದನ್ನು ಗಟ್ಟಿಮಾಡಿದ್ದೂ ನೆನಪಿದೆ. ಒರಗಿದ್ದು ಯಾವ ಬಾಗಿಲ ಪಕ್ಕ ಎಂದು ಮಾತ್ರ ತಿರುಗಿ ನೋಡಿರಲಿಲ್ಲ.

ಆ ನಿಲ್ದಾಣ ಯಾವುದೆಂದು ಕೇಳಬೇಡಿ. ಐದು ತಾಲ್ಲೂಕುಗಳ ನಡುವೆ ಎಲ್ಲೋ ಇದೆ ಎಂದಿಟ್ಟುಕೊಳ್ಳಿ. ಬುಧವಾರ ಇಬ್ಬರೂ ಹೋದೆವು. ಬೀಗ ಹಾಕಿದ ಆ ಬಾಗಿಲ ಮುಂದೆ ಹೂವಿನ ಬುಟ್ಟಿ ಇಟ್ಟುಕೊಂಡು ನಾಲ್ಕಾರು ಹೆಂಗಸರು ಕೂತಿದ್ದರು. ನಾನು ಹದಿಮೂರು ಅಂಶಗಳ ಮನವಿಯನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ಕೊಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿನ ಸಾಲಿಗೂ ಕೇಳುವ ಆ ಅತ್ತೆಯ ದನಿಯನ್ನು ಬಿಟ್ಟರು.

"ಯಾರಲೇ ಅದು, ಬೀಗದ ಕೈ ಸೊಂಟಕ್ಕ ಕಟ್ಟಿಕೊಂಡು ಕುಂತೋನು? ಬಾ ಹೊರಗ!"

ಹರಪನಹಳ್ಳಿಯ ಬಸ್ಸು ಹತ್ತಿದ್ದವರೂ ಇಳಿದು ಬಂದರು. ನಿಲ್ದಾಣ ನೋಡಿಕೊಳ್ಳುವ ಕಂಟ್ರೋಲರ್ ಹೊರಗೆ ಬಂದ. ಮೃದು ಸ್ವಭಾವದವನು, ಮುಖ ಬೆವೆತಿತ್ತು.

"ಸಾಹೇಬ್ರು ನೋಡಾಕ ಬರ್ತಾರಂತ ಸ್ವಚ್ಛ ಇಟ್ಟೀವ್ರಿ ಅಮ್ಮಾರೆ. ತೆಗೆದ್ರ ಹೊಲಸಾಗತೈತಿ."

"ಯಾವಾಗ ಬರ್ತಾರ?"

"ಅದು ಗೊತ್ತಿಲ್ರಿ."

"ಸಾಹೇಬ್ರು ಬರಾಕ ಇನ್ನೂ ಟೈಮ್ ಐತಿ. ಅಮೇರಿಕದ ಉಪಾಧ್ಯಕ್ಷಿ ಬಂದು ನಿಂತಾಳ. ತೆಗಿ!"

ನಿಲ್ದಾಣಕ್ಕೆ ನಿಲ್ದಾಣವೇ ನಕ್ಕಿತು. ಕಂಟ್ರೋಲರನೂ ನಕ್ಕ, ನಕ್ಕ ಮೇಲೆ ಬೀಗ ಹಾಕಿಕೊಂಡಿರುವುದು ಕಷ್ಟ ಎಂದು ಅವನಿಗೂ ಅನ್ನಿಸಿರಬೇಕು. ಮೇಜಿನ ಖಾನೆಯಿಂದ ಕೀಲಿ ತಂದು ಬಾಗಿಲು ತೆಗೆದ. ಒಳಗೆ ನಿಜಕ್ಕೂ ಬಹಳ ಸ್ವಚ್ಛವಾಗಿತ್ತು. ಹೂವಿನ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ದಿನಕ್ಕೆರಡು ಸಲ ತೊಳೆಸುವ ಜವಾಬ್ದಾರಿಯನ್ನು ಕಂಟ್ರೋಲರ್ ತಾನಾಗಿಯೇ ಒಪ್ಪಿಕೊಂಡ. ನನ್ನ ಹದಿಮೂರು ಅಂಶಗಳು ಜೇಬಿನಲ್ಲೇ ಉಳಿದವು.

ಕೊಟ್ರಮ್ಮ ಹೊರಗೆ ಬಂದು, ಅಂಗಡಿಯಲ್ಲಿ ಒಂದು ಬಾಟಲಿ ನೀರು ಕೊಂಡು, ನಿಂತಲ್ಲೇ ಅಷ್ಟನ್ನೂ ಕುಡಿದರು. ಎಲ್ಲರೂ ನೋಡುತ್ತಿದ್ದೆವು. ಅವರ ಯಾವ ಪಾತ್ರವನ್ನೂ ಜನ ಅಷ್ಟು ಮೌನವಾಗಿ ನೋಡಿರಲಾರರು.

"ಇನ್ನು ಮಂಗಳ ಹಾಡೋಣವೇ?" ಎಂದು ಕೇಳಿದೆ.

"ಅವಸರ ಏನ್ರಿ ನಿಮಗ? ನಾಳಿ ಮತ್ತ ಬೀಗ ಬಿದ್ರ?"

ಹೀಗಾಗಿ ನಮ್ಮ ಪ್ರಚಾರ ಇನ್ನೂ ನಡೆದಿದೆ. ಅತ್ತ ಹೋದಾಗಲೆಲ್ಲ ಉಪಾಧ್ಯಕ್ಷೆಯವರು ಒಳಗೆ ಇಣುಕಿ ನೋಡುತ್ತಾರೆ, ನನಗೆ ಫೋನು ಮಾಡಿ ವರದಿ ಒಪ್ಪಿಸುತ್ತಾರೆ. ಕಲ್ಲು ಕರಗುತ್ತಿದೆಯೆಂದು ಡಾಕ್ಟರು ಹೇಳಿದ್ದಾರಂತೆ. ಅಮೆರಿಕದಲ್ಲಿ ಫಲಿತಾಂಶ ಏನಾಯಿತೆಂದು ನಾನಿನ್ನೂ ವಿಚಾರಿಸಿಲ್ಲ. ಸೋತ ಅಭ್ಯರ್ಥಿಗಳಲ್ಲಿ ನನ್ನಷ್ಟು ನೆಮ್ಮದಿಯಿಂದ ನಿದ್ದೆ ಮಾಡುವವರು ಮತ್ತೊಬ್ಬರಿರಲಾರರು.

ನನಗೆ ನಿಮ್ಮ ಮತ ಬೇಡ. ಮುಂದಿನ ಸಲ ನಿಮ್ಮೂರಿನ ಬಸ್ ನಿಲ್ದಾಣಕ್ಕೆ ಹೋದಾಗ ಹೆಂಗಸರ ಶೌಚಾಲಯದ ಬಾಗಿಲನ್ನು ಒಮ್ಮೆ ನೋಡಿ. ಬೀಗವಿದ್ದರೆ ಕೀಲಿ ಯಾರ ಹತ್ತಿರವಿದೆಯೆಂದು ಕೇಳಿ. ತೆಗೆಯುವವರೆಗೂ ಅಲ್ಲಿಯೇ ನಿಲ್ಲಿ.