ಅರಸನ ಕಾವಲಿಗೆ ಕೂತವಳು

ಮಾರೆನ್ ಸೋನಿಕ್ಸೆನ್ ತನ್ನ ಜೀವಮಾನದಲ್ಲಿ ನೀರು ದಾಟಿದಷ್ಟು ಸಲ ಅವಳ ವಂಶದ ಯಾವ ಗಂಡಸೂ ದಾಟಿರಲಿಲ್ಲ. ಡೆನ್ಮಾರ್ಕಿನ ಫಾನೋ ದ್ವೀಪದಿಂದ ಎದುರಿನ ಎಸ್ಬ್ಯೆರ್ ಬಂದರಿಗೆ ಹೋಗಿಬರುವ ದೋಣಿಯಲ್ಲಿ ಕಾಫಿ ಮಾರುವುದು ಅವಳ ಕೆಲಸವಾಗಿತ್ತು. ಒಂದು ಲೋಟ ಕಾಫಿ ಆರುವುದರೊಳಗೆ ಆಚೆ ದಡ, ಇನ್ನೊಂದು ಲೋಟಕ್ಕೆ ಈಚೆ ದಡ. ನಿವೃತ್ತಿಯಾಗುವ ತನಕ ಹೀಗೇ ನಡೆಯಿತು. ಆದರೆ ದ್ವೀಪದಲ್ಲಿ ಅದನ್ನು ಯಾರೂ ಸಮುದ್ರಯಾನ ಎನ್ನುವುದಿಲ್ಲ. ಸಂಜೆಗೆ ಮನೆ ಸೇರಿದರೆ ಅದೆಂಥ ಸಮುದ್ರ?

ಸಂಜೆಗೆ ಅವಳು ಮನೆ ಸೇರಲೇಬೇಕಾಗಿತ್ತು. ಮನೆಯಲ್ಲಿ ಅರಸ ಇದ್ದ.

ಅರಸ ಎಂದರೆ ಒಂದು ಕಾಗದ. ಹಿಂದೆ ದೊಡ್ಡ ಯುದ್ಧ ನಡೆದಾಗ, ಕಂಡ ಕಂಡ ಹಡಗನ್ನೆಲ್ಲ ಇಂಗ್ಲಿಷರು ಹಿಡಿದು ಹಾಕುತ್ತಿದ್ದ ಕಾಲದಲ್ಲಿ, ಅವಳ ಮುತ್ತಜ್ಜನ ಅಜ್ಜ ನಾರ್ವೆಗೆ ಧಾನ್ಯ ಒಯ್ಯಲು ಡೆನ್ಮಾರ್ಕಿನ ಅರಸ ಸ್ವಂತ ಕೈಯಿಂದ ಸಹಿ ಮಾಡಿ ಕೊಟ್ಟ ಪರವಾನಗಿ. ಹಡಗೂ ಬಂತು, ಅಜ್ಜನೂ ಬಂದ, ಕಾಗದವೂ ಬಂತು. ಅಂದಿನಿಂದ ಅದು ಒಲೆಯ ಪಕ್ಕದ ಗೋಡೆಯ ಮೇಲೆ, ಗಾಜಿನ ಬಾಗಿಲಿನ ಪೆಟ್ಟಿಗೆಯಲ್ಲಿ ಕೂತಿದೆ. ಮನೆಯ ಗಂಡಸು ಹಡಗು ಹತ್ತುವ ಮುಂಚೆ ಬಾಗಿಲು ತೆಗೆದು, ಅರಸನ ಹೆಸರಿನ ಮೇಲೆ ಹೆಬ್ಬೆರಳು ಒತ್ತಿ ಹೋಗಬೇಕು. ಆ ಹೆಸರನ್ನು ಹೆಂಗಸರು ಮುಟ್ಟುವಂತಿಲ್ಲ. ಆದರೆ ಅವನು ತಿರುಗಿ ಬರುವ ತನಕ ಕಾಗದ ಇರುವ ಸೂರಿನಡಿ ಒಬ್ಬ ಹೆಂಗಸು ಮಲಗಲೇಬೇಕು, ಒಂದು ರಾತ್ರಿಯೂ ತಪ್ಪುವಂತಿಲ್ಲ.

ಅವಳ ತಾಯಿ ಕಿರ್ಸ್ಟೀನೆ ಒಮ್ಮೆ ತಪ್ಪಿಸಿದ್ದಳು. ತಂಗಿಯ ಮದುವೆಗೆಂದು ಆಚೆ ದಡದ ರೀಬೆ ಪಟ್ಟಣಕ್ಕೆ ಹೋಗಿ, ಕುಣಿದು ದಣಿದು, ಅಲ್ಲೇ ಮಲಗಿದಳು. ಆ ವಾರವೇ ಮಾರೆನ್‌ಳ ತಂದೆಯ ಹಡಗು ಐಸ್‌ಲ್ಯಾಂಡ್ ಹತ್ತಿರ ಮುಳುಗಿತು. ನಿನ್ನದೇ ತಪ್ಪು ಎಂದು ಊರಲ್ಲಿ ಒಬ್ಬರೂ ಅನ್ನಲಿಲ್ಲ, ಅಷ್ಟು ಮರ್ಯಾದಸ್ಥರು. ನಿನ್ನ ತಪ್ಪಲ್ಲ ಎಂದೂ ಒಬ್ಬರೂ ಅನ್ನಲಿಲ್ಲ. ಕಿರ್ಸ್ಟೀನೆ ಪೆಟ್ಟಿಗೆಯ ಕೀಲಿಯನ್ನು ಮಗಳ ಕೈಗಿಟ್ಟು, ಮತ್ತೆಂದೂ ಕುಣಿಯಲಿಲ್ಲ.

ಮಾರೆನ್ ಮೊದಲು ಗಂಡನಿಗಾಗಿ ಕಾದಳು, ಅವನು ಮನೆಯಲ್ಲೇ ಕಾಯಿಲೆಯಿಂದ ತೀರಿಕೊಂಡ ಮೇಲೆ ತಮ್ಮ ಸೋನಿಕ್‌ಗಾಗಿ ಕಾದಳು. ಸೋನಿಕ್ ಹಡಗಿನ ಕೆಲಸ ಬಿಟ್ಟು ಅಕ್ಕನ ಮನೆಗೇ ಬಂದು ನೆಲೆಸಿದಾಗ, ಸದ್ಯ ಮುಗಿಯಿತಲ್ಲ ಎಂದು ಅವಳು ಉಸಿರು ಬಿಟ್ಟಳು. ಅವನು ಮರುವಾರವೇ ಒಂದು ಸಣ್ಣ ದೋಣಿ ಕೊಂಡು ಮೀನಿಗೆ ಹೊರಟ. ಹೊರಡುವಾಗ ಗಾಜಿನ ಬಾಗಿಲು ತೆಗೆದು ಹೆಬ್ಬೆರಳೊತ್ತಿದ.

“ಲೋ, ನಿನ್ನ ದೋಣಿ ಇಲ್ಲಿಂದಲೇ ಕಾಣುತ್ತೆ. ಅದಕ್ಕೂ ನಾನು ಕಾವಲು ಕೂರಬೇಕಾ?” ಎಂದಳು.

“ಸಮುದ್ರ ಸಮುದ್ರಾನೇ ಅಕ್ಕ. ಅದಕ್ಕೆ ದೋಣಿ ಸಣ್ಣದು ಅಂತ ಕನಿಕರ ಇದೆಯಾ?”

“ಯಾವಾಗ ಬರ್ತೀಯ?”

“ಗಾಳೀನ ಕೇಳು,” ಎಂದು ನಕ್ಕ. ಆ ಮನೆಯ ಗಂಡಸರು ತಲೆಮಾರುಗಳಿಂದ ಕೊಡುತ್ತಿದ್ದ ಉತ್ತರ ಅದು. ಕೇಳಿ ಕೇಳಿ ಮಾರೆನ್‌ಳ ಕಿವಿ ತೂತು ಬಿದ್ದಿತ್ತು.

ಅವಳಿಗೆ ದಣಿವಾಗಿತ್ತು. ಮಲಗಿದರೆ ಹೋಗುವ ದಣಿವಲ್ಲ, ಅದೇ ಹಾಸಿಗೆಯಲ್ಲಿ ಮಲಗಿ ಮಲಗಿಯೇ ಬಂದ ದಣಿವು. ಅವಳ ಜೊತೆ ಕಾಫಿ ಮಾರುತ್ತಿದ್ದ ಬೀರ್ತೆ ನಾರ್ವೆಯ ಬೆರ್ಗೆನ್‌ನಲ್ಲಿ ಮನೆ ಮಾಡಿದ್ದಳು. “ಬಾರೇ, ಒಂದು ರಾತ್ರಿ ಪೂರ್ತಿ ಹಡಗಲ್ಲಿ ಮಲಗಿ ಬಾ, ಬೆಳಗಾದ್ರೆ ಬೆಟ್ಟ ಕಾಣ್ಸುತ್ತೆ” ಎಂದು ವರ್ಷ ವರ್ಷವೂ ಕರೆಯುತ್ತಿದ್ದಳು. ಕಾಗದ ಮನೆಯಲ್ಲಿರುವ ತನಕ ಅದು ಆಗುವ ಮಾತಲ್ಲ. ಹಾಗಾಗಿ ಮಾರೆನ್ ಕಾಗದವನ್ನೇ ಮಾರಲು ನಿರ್ಧರಿಸಿದಳು.

ಸೋನಿಕ್ ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ, ಹೊಗೆ ಹಾಕಿದ ಮೀನು ಹುರಿಯುತ್ತಾ, “ಅರಸನ್ನೇ ಮಾರೋ ಕಾಲ ಬಂತಾ ನಮಗೆ?” ಎಂದ.

“ಅರಸನಿಗೆ ವಯಸ್ಸಾಗಿದೆ. ನನಗೂ ಆಗಿದೆ. ಇಬ್ರಲ್ಲಿ ಒಬ್ರಾದ್ರೂ ಮನೆ ಬಿಡ್ಬೇಕು.”

ಹಳೆಯ ದಾಖಲೆಗಳ ವ್ಯಾಪಾರಿ ಹೋಲ್ಗರ್ ಕೋಪನ್‌ಹೇಗನ್ನಿನಿಂದ ಬಂದರು. ಯುದ್ಧಕಾಲದ ಹಡಗು ಪರವಾನಗಿ, ಅದರಲ್ಲೂ ಅರಸನ ಸಹಿ ಇರುವಂಥದ್ದು ಎಂದರೆ ಸಂಗ್ರಹಕಾರರು ಮುಗಿಬೀಳುತ್ತಾರೆ ಎಂದು ಫೋನಿನಲ್ಲೇ ಹೇಳಿದ್ದರು. ಮೆದುಮಾತಿನ ಮನುಷ್ಯ. ಮಾರೆನ್ ಕೈ ತೊಳೆದು, ಒರೆಸಿ, ಕಾಗದವನ್ನು ಬಟ್ಟೆಯ ಮೇಲೆ ಇಳಿಸಿದಳು. ಅವಳು ಅದನ್ನು ಬಿಸಿಲಿಗೆ ಒಡ್ಡಿರಲಿಲ್ಲ, ತೇವಕ್ಕೆ ಬಿಟ್ಟಿರಲಿಲ್ಲ, ಹುಳುವಿಗೆ ಕೊಟ್ಟಿರಲಿಲ್ಲ.

“ಎಷ್ಟು ಚೆನ್ನಾಗಿ ಇಟ್ಟಿದೀರಮ್ಮ!” ಎಂದರು ಹೋಲ್ಗರ್. “ಅರಗಿನ ಮುದ್ರೆ ನೋಡಿ, ನಿನ್ನೆ ಒತ್ತಿದ ಹಾಗಿದೆ. ಹಡಗಿನ ಹೆಸರು, ಸರಕು, ಎಲ್ಲಾ ಸ್ಪಷ್ಟ.” ಆಮೇಲೆ ಕನ್ನಡಕ ತೆಗೆದು ಭೂತಗನ್ನಡಿ ಹಿಡಿದರು. ಕಾಗದದ ಕೆಳತುದಿಯನ್ನು ಬಹಳ ಹೊತ್ತು ನೋಡಿದರು. “ಸಹಿ ಎಲ್ಲಿ?”

“ಅಲ್ಲೇ,” ಎಂದ ಸೋನಿಕ್. “ಆ ಕಂದು ಕಲೆ ಇದೆಯಲ್ಲ, ಅದೇ. ಅಲ್ಲೇ ನಾವು ಹೆಬ್ಬೆರಳಿಡೋದು.”

“ಎಷ್ಟು ಕಾಲದಿಂದ?”

“ಅಜ್ಜನ ಕಾಲದಿಂದ. ನಮ್ಮಪ್ಪ ಇಟ್ಟಿದ್ರು. ಹೋದ ವಾರ ನಾನೂ ಇಟ್ಟೆ.”

ಹೋಲ್ಗರ್ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು. ಟಾರು, ಬೆವರು, ಉಪ್ಪು ಮೆತ್ತಿದ ಹೆಬ್ಬೆರಳುಗಳು ಅರಸನನ್ನು ತುಸು ತುಸುವಾಗಿ ಒರೆಸಿಕೊಂಡು ಸಮುದ್ರಕ್ಕೆ ಹೋಗಿದ್ದವು. “ಕೊಳ್ಳೋರು ಕೊಳ್ಳೋದು ಆ ಸಹಿಗೋಸ್ಕರ, ಅಮ್ಮಾ. ಇದನ್ನ ನಾನು ಯಾರಿಗೂ ಮಾರಲಾರೆ,” ಎಂದು ಕೊಟ್ಟ ಕಾಫಿ ಕುಡಿದು ಅವರು ಹೊರಟುಹೋದರು.

ಸೋನಿಕ್‌ನ ಮುಖ ಅರಳಿತು. “ನೋಡಿದ್ಯಾ? ಅರಸನಿಗೇ ಹೋಗೋಕೆ ಮನಸ್ಸಿಲ್ಲ.”

ಮಾರೆನ್ ಕಾಗದದ ಮುಂದೆ ಕೂತೇ ಇದ್ದಳು. ಇಷ್ಟು ವರ್ಷ ಇಲ್ಲದ ಒಬ್ಬನಿಗೆ ಕಾವಲು ಕೂತಿದ್ದೆನಲ್ಲ ಎಂದು ಮೊದಲು ನಗು ಬಂತು. ತಾಯಿಯ ನೆನಪಾಯಿತು. ತಂದೆ ಕೊನೆಯ ಸಲ ಬೆರಳಿಟ್ಟಾಗ ಅಲ್ಲಿ ಏನಾದರೂ ಉಳಿದಿತ್ತೋ ಇಲ್ಲವೋ, ಯಾರಿಗೆ ಗೊತ್ತು? ಆ ಹೆಂಗಸು ಸಾಯುವ ತನಕ ಕುಣಿಯದೆ ಉಳಿದಳಲ್ಲ. ಮಾರೆನ್‌ಗೆ ಸಿಟ್ಟು ಬಂತು, ಅಳುವೂ ಬಂತು.

ಮುಂದಿನ ಸೋಮವಾರ ಬೆಳಿಗ್ಗೆ ಅವಳು ಚೀಲ ಹಿಡಿದು, ಕೋಟು ತೊಟ್ಟು ಪೆಟ್ಟಿಗೆಯ ಮುಂದೆ ನಿಂತಳು. ಗಾಜಿನ ಬಾಗಿಲು ತೆಗೆದು ಕಂದು ಕಲೆಯ ಮೇಲೆ ಹೆಬ್ಬೆರಳು ಒತ್ತಿದಳು.

ಸೋನಿಕ್ ಬೆಚ್ಚಿಬಿದ್ದ. “ಅಕ್ಕಾ! ಹೆಂಗಸರು ಅದನ್ನ ಮುಟ್ಟಬಾರದು!”

“ಮುಟ್ಟಿ ಅಳಿಸೋಕೆ ನೀವೇನು ಉಳಿಸಿದೀರಿ?” ಎಂದು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. “ಬೆರ್ಗೆನ್‌ಗೆ ಹೋಗ್ತಿದೀನಿ. ಮೀನು ಡಬ್ಬದಲ್ಲಿದೆ, ಹಸಿವಾದ್ರೆ ತಿನ್ನು.”

“ಮನೇಲಿ ಯಾರಿರ್ತಾರೆ?”

“ನೀನು.”

ಅವನು ಬಾಗಿಲ ತನಕ ಹಿಂದೆಯೇ ಬಂದ. “ಯಾವಾಗ ಬರ್ತೀಯ?”

“ಗಾಳೀನ ಕೇಳು.”

ಎಸ್ಬ್ಯೆರ್‌ಗೆ ಹೋಗುವ ದೋಣಿ ದಡ ಬಿಟ್ಟಿತು. ಮಾರೆನ್ ಕಟಕಟೆ ಹಿಡಿದು ತನ್ನ ಮನೆಯ ಕಿಟಕಿಯತ್ತ ನೋಡಿದಳು. ಫಾನೋದ ಮನೆಗಳ ಕಿಟಕಿಯಲ್ಲಿ ಎರಡು ಪಿಂಗಾಣಿ ನಾಯಿಗಳಿರುತ್ತವೆ. ಎಲ್ಲರೂ ಮನೆಯಲ್ಲಿದ್ದರೆ ಅವುಗಳ ಮುಖ ಒಳಕ್ಕೆ, ಯಾರಾದರೂ ಸಮುದ್ರದಲ್ಲಿದ್ದರೆ ಹೊರಕ್ಕೆ. ತಿರುಗಿಸುವುದು ಯಾವಾಗಲೂ ಅವಳ ಕೆಲಸ. ಇವತ್ತು ಬೇಕೆಂದೇ ಮುಟ್ಟದೆ ಬಂದಿದ್ದಳು, ನನಗಾಗಿ ಯಾರು ತಿರುಗಿಸುತ್ತಾರೆ ಎಂದುಕೊಂಡು.

ಕಿಟಕಿಯ ಹಿಂದೆ ಸೋನಿಕ್ ನಿಂತಿದ್ದ. ಒಂದು ನಾಯಿಯ ಮುಖ ಆಗಲೇ ಸಮುದ್ರದತ್ತ ಇತ್ತು. ಇನ್ನೊಂದನ್ನು ಅವನು ಎರಡೂ ಕೈಯಲ್ಲಿ ಹಿಡಿದು, ಎಲ್ಲಿ ಒಡೆದುಹೋಗುತ್ತದೋ ಎಂದು ಹೆದರಿದವನಂತೆ, ನಿಧಾನವಾಗಿ ಅವಳ ಕಡೆಗೆ ತಿರುಗಿಸುತ್ತಿದ್ದ.