ಅಡುಗೆಮನೆಯ ಕರಡಿ

ಒಲೆಯ ಬೂದಿ ತೆಗೆದು ಹೊಸ ಕಲ್ಲಿದ್ದಲು ಹಾಕಬೇಕು. ಹಾಸಿಗೆ ಹಿಡಿದ ಅತ್ತೆ ಐವಿಯ ಮಂಚದ ಕೆಳಗಿನ ಪಾತ್ರೆಯನ್ನು ಚೆಲ್ಲಿ ತೊಳೆಯಬೇಕು, ಅವಳನ್ನು ಗೋಡೆಯ ಕಡೆಗೆ ಹೊರಳಿಸಿ ಹಾಸುಬಟ್ಟೆ ಬದಲಾಯಿಸಬೇಕು. ಓಟ್ಸ್ ಗಂಜಿಯನ್ನು ಗಟ್ಟಿಯಾಗಿಯೇ ಕುದಿಸಬೇಕು. ತೆಳುವಾದರೆ ಮಧ್ಯಾಹ್ನದೊಳಗೆ ಡೆಸ್‌ಗೆ ಮೂತ್ರಕ್ಕೆ ಅವಸರವಾಗುತ್ತದೆ, ಹುಲ್ಲಿನೊಳಗೆ ಹೊಲಿಸಿಕೊಂಡವನಿಗೆ ಅದಕ್ಕೆ ದಾರಿಯಿಲ್ಲ. ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದ ಗೋಧಿ ಹುಲ್ಲಿನ ಕಟ್ಟುಗಳನ್ನು ಹಿಂಡಿ ತಂದು ಒಲೆಯ ಮುಂದೆ ನಿಲ್ಲಿಸಬೇಕು. ಒಣಗಿದ್ದು ಮುರಿಯುತ್ತದೆ, ತೀರಾ ಒದ್ದೆಯಾದದ್ದು ಹೆಗಲು ಜಗ್ಗುತ್ತದೆ. ದಬ್ಬಣಗಳಿಗೆಲ್ಲ ಮೇಣ ಸವರಿದ ಹುರಿ ಪೋಣಿಸಿಡಬೇಕು, ನಡುವೆ ನಿಲ್ಲಿಸುವಂತಿಲ್ಲ. ಕಿಟಕಿಗೆ ಕಂಬಳಿ ಕಟ್ಟಬೇಕು. ಆಮೇಲೆ ಡೆಸ್‌ನನ್ನು ಎಬ್ಬಿಸಬೇಕು.

ಜನವರಿಯಲ್ಲಿ ನಮ್ಮ ಜೌಗು ಸೀಮೆಗೆ ಬೆಳಕು ತಡವಾಗಿ ಬರುತ್ತದೆ. ಏವ್ರಿಲ್ ಸೆಚೆಲ್ ಇಷ್ಟನ್ನೂ ಮುಗಿಸಿ ಗಂಡನ ಕೋಣೆಯ ಬಾಗಿಲು ತಟ್ಟುವಾಗ ಕಾಲುವೆಯಾಚೆಯ ಸಕ್ಕರೆ ಬೀಟ್ ಹೊಲಗಳು ಇನ್ನೂ ಕಾಣುತ್ತಿರಲಿಲ್ಲ. ತಟ್ಟಲೇಬೇಕಿತ್ತು, ಕೋಣೆ ಬೇರೆಯಾಗಿತ್ತಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಇದ್ದಾಗ ಹಗಲು ನಿದ್ದೆ ಕೆಡಬಾರದೆಂದು ಡೆಸ್ ಹಿಂದಿನ ಕೋಣೆಗೆ ಹಾಸಿಗೆ ಒಯ್ದಿದ್ದ. ಪಾಳಿ ಬದಲಾಯಿತು, ಹಾಸಿಗೆ ಹಿಂದಿರುಗಲಿಲ್ಲ. ಆ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ. ಅವಳಿಗೆ ಒಗೆಯುವ ಹಾಸುಬಟ್ಟೆ ಹೆಚ್ಚಾಯಿತು, ಅಷ್ಟೇ.

ಹೊಸ ವರ್ಷದ ಉಳುಮೆ ಶುರುವಾಗುವ ನೇಗಿಲ ಸೋಮವಾರದ ಮರುದಿನ ನಮ್ಮ ಎಲ್ಮ್‌ಡ್ರೋವ್ ಊರಿನಲ್ಲಿ ಹುಲ್ಲುಕರಡಿ ಹೊರಡುತ್ತದೆ. ಅಡಿಯಿಂದ ಮುಡಿಯವರೆಗೆ ಹುಲ್ಲು ಹೊದ್ದ ಮನುಷ್ಯ, ಸೊಂಟಕ್ಕೊಂದು ಸರಪಳಿ, ಅದನ್ನು ಹಿಡಿದು ನಡೆಸಲು ಡೆಸ್‌ನ ಗೆಳೆಯ ಕೆನ್ನಿ ಗೌಲರ್. ಡೋಲು ಬಾರಿಸುತ್ತ ಪಬ್ಬಿನಿಂದ ಪಬ್ಬಿಗೆ ಕುಣಿತ. ಆ ದಿನ ಕರಡಿಯ ಮುಖವನ್ನು ಯಾರೂ ನೋಡಬಾರದು, ಒಳಗಿರುವವನ ಹೆಸರನ್ನು ಯಾರೂ ಎತ್ತಬಾರದು. ಹಿಂದೆ ಡೆಸ್‌ನ ಅಪ್ಪ ಕರಡಿಯಾಗುತ್ತಿದ್ದ. ಅವನ ಮಂಡಿ ಸೋತ ಮೇಲೆ ಡೆಸ್. ಹಾಗೆಯೇ ಐವಿಯ ಕಣ್ಣು ಸೋತ ಮೇಲೆ ದಬ್ಬಣ ಏವ್ರಿಲ್‌ಗೆ ಬಂತು. ಊರಿನವರು ಮೊದಲನೆಯದನ್ನು ಪರಂಪರೆ ಎನ್ನುತ್ತಾರೆ. ಎರಡನೆಯದಕ್ಕೆ ಹೆಸರಿಲ್ಲ.

ಕುಣಿದಂತೆಲ್ಲ ಹುಲ್ಲು ಸಡಿಲವಾಗುತ್ತದೆ. ಆದ್ದರಿಂದ ಅವಳು ದಿನವಿಡೀ ಕರಡಿಯ ಹಿಂದೆ ನಡೆಯುತ್ತಿದ್ದಳು, ಏಪ್ರನ್ನಿನ ಜೇಬಿನಲ್ಲಿ ದಬ್ಬಣ, ಹುರಿ, ಕತ್ತರಿ. ಲಂಡನ್ನಿನಿಂದ ಬಂದ ಛಾಯಾಗ್ರಾಹಕರು ಮಂಡಿಯೂರಿ ಕೂತು ಕೈಬೀಸುತ್ತಿದ್ದರು: "ಅಮ್ಮಾ, ಒಂಚೂರು ಆ ಕಡೆ ಹೋಗ್ತೀರಾ? ನಿಮ್ಮ ಕೋಟು ಅಡ್ಡ ಬರ್ತಿದೆ." ಅವಳು ಹೋಗುತ್ತಿದ್ದಳು. ಮನೆಯ ಅಗ್ಗಿಷ್ಟಿಕೆಯ ಮೇಲೆ ಮಾವನ ಕಾಲದ ಕರಡಿಯ ಚಿತ್ರವೊಂದಿದೆ, ಅದರ ಅಂಚಿನಲ್ಲಿ ಒಂದು ಮೊಣಕೈ. ಐವಿಯದು. ಆ ವರ್ಷಗಳ ಐವಿ ಎಂದು ಮನೆಯಲ್ಲಿ ಉಳಿದಿರುವುದು ಅಷ್ಟು ಮಾತ್ರ.

ಪಟ್ಟಣದ ಔಷಧಿ ಅಂಗಡಿಯ ಹಿಂಬದಿಯಲ್ಲಿ ಫಿಲ್ಮ್ ತೊಳೆದು ಚಿತ್ರ ಮಾಡುವ ಯಂತ್ರವಿತ್ತು. ಅದನ್ನು ನೋಡಿಕೊಳ್ಳುವುದು ಏವ್ರಿಲ್‌ಳ ಕೆಲಸ. ಊರ ಜನರ ಮದುವೆ, ಮಗು, ನಾಯಿ, ಸಮುದ್ರತೀರ ಎಲ್ಲವೂ ಅವಳ ಕೈಮೇಲೆ ಹಾದುಹೋಗುತ್ತಿದ್ದವು. ಇಷ್ಟು ವರ್ಷಗಳಲ್ಲಿ ಒಬ್ಬರೂ ಪಾತ್ರೆ ತೊಳೆಯುವ ಬಚ್ಚಲಿನ ಚಿತ್ರ ತೆಗೆದದ್ದನ್ನು ಅವಳು ಕಂಡಿರಲಿಲ್ಲ. ಕ್ರಿಸ್‌ಮಸ್ ಊಟದ ಮೇಜಿನ ಸುತ್ತ ಎಲ್ಲರೂ ಇರುತ್ತಿದ್ದರು, ಒಂದು ಕುರ್ಚಿ ಖಾಲಿ. ಕುರ್ಚಿಯವಳು ಅಡುಗೆಮನೆಯಲ್ಲಿ ಇರುತ್ತಿದ್ದಳು.

ಅವಳೂ ಒಂದು ಕ್ಯಾಮೆರಾ ಕೊಂಡಳು. ಅದು ಕೈಯಲ್ಲಿರುವವಳಿಗೆ ಯಾರೂ ಪಕ್ಕಕ್ಕೆ ಹೋಗು ಅನ್ನುವುದಿಲ್ಲ ಎಂದು ಮೊದಲ ವರ್ಷವೇ ಗೊತ್ತಾಯಿತು. ಹುಲ್ಲು ಸರಿಪಡಿಸಿ, ಹಿಂದೆ ಸರಿದು, ಒಂದು ಚಿತ್ರ; ಮತ್ತೆ ದಬ್ಬಣ. ಬರಬರುತ್ತ ಶನಿವಾರ ಅಂಗಡಿ ಮುಚ್ಚಿದ ಮೇಲೂ ಕೊನೆಯ ಬಸ್ಸಿನವರೆಗೆ ಪಟ್ಟಣದಲ್ಲೇ ಉಳಿಯತೊಡಗಿದಳು. ಬೇಗ ಮನೆಗೆ ಹೋದರೂ ಡೆಸ್ ಟಿವಿಯ ಮುಂದಿರುತ್ತಿದ್ದ, ಪಕ್ಕದ ಮನೆಯವಳು ಐವಿಯನ್ನು ಮಲಗಿಸಿ ಹೋಗಿರುತ್ತಿದ್ದಳು. ಪಟ್ಟಣದಲ್ಲಿ ಡ್ಯಾನ್ಸ್ ಹಾಲ್‌ನ ಮೆಟ್ಟಿಲ ಮೇಲೆ ಚಪ್ಪಲಿ ಕಳಚಿ ಪಾದ ತಿಕ್ಕಿಕೊಳ್ಳುವ ಹುಡುಗಿಯರು, ಚರ್ಮದ ಜಾಕೆಟ್ಟಿನ ಬೈಕಿನವರು, ಮುಳ್ಳುಹಂದಿಯಂತೆ ಕೂದಲು ನಿಲ್ಲಿಸಿಕೊಂಡ ಹುಡುಗರು. ಅವರೇ ಕರೆಯುತ್ತಿದ್ದರು.

"ಆಂಟೀ, ನಂದೊಂದು ತೆಗಿ! ಜುಟ್ಟು ಪೂರ್ತಿ ಬರ್ಬೇಕು. ನೆಟ್ಟಗೆ ನಿಲ್ಲಲಿ ಅಂತ ಅರ್ಧ ಡಬ್ಬಿ ಸಕ್ಕರೆ ನೀರಲ್ಲಿ ಕಲಸಿ ಹಚ್ಚಿದೀನಿ."

"ನಿಮ್ಮಮ್ಮನ ಡಬ್ಬಿನಾ?"

"ಮತ್ಯಾರದ್ದು?"

"ಬೆಳಿಗ್ಗೆ ದಿಂಬಿನ ಚೀಲಕ್ಕೆ ಇರುವೆ ಹತ್ತಿರುತ್ತಲ್ಲ, ಅದನ್ನ ಯಾರೋ ಒಗೆಯೋದು?"

ಗುಂಪೆಲ್ಲ ಗೊಳ್ಳೆಂದಿತು. ಆ ನಗುವನ್ನೇ ಅವಳು ತೆಗೆದಳು. ಬಸ್ಸಿನಲ್ಲಿ ಒಬ್ಬಳೇ ಬರುವಾಗ ಕ್ಯಾಮೆರಾ ತೊಡೆಯ ಮೇಲೆ ಬೆಕ್ಕಿನ ಹಾಗೆ ಕೂತಿರುತ್ತಿತ್ತು.

ಪಟ್ಟಣದ ಗ್ರಂಥಾಲಯದ ಗೋಡೆಯಲ್ಲಿ ಈ ಚಿತ್ರಗಳು ಕೆಲವು ದಿನ ತೂಗಿದವು. ದೇಶದ ಹಳೆಯ ಆಚರಣೆಗಳ, ಹೊಸ ರಾತ್ರಿಗಳ ಚಿತ್ರಪುಸ್ತಕ ಮಾಡುತ್ತಿದ್ದ ರೊಸಾಲಿಂಡ್ ಪೈಕ್ ಎಂಬಾಕೆ ಅಲ್ಲಿ ಅವನ್ನು ನೋಡಿ, ಬೀಟ್ ಕೀಳುವ ಕಾಲದಲ್ಲಿ ಮನೆಗೇ ಬಂದಳು. ಅಡುಗೆಮನೆಯ ಮೇಜಿನ ತುಂಬ ಚಿತ್ರ ಹರಡಿಕೊಂಡಳು.

"ರಾತ್ರಿಯವು ಬೇಕೇಬೇಕು ನಂಗೆ. ಕರಡಿ ಮಾತ್ರ... ಬೀದಿಯ ಕರಡಿ ಎಲ್ಲರ ಹತ್ರ ಇದೆ. ಅವನು ಹುಲ್ಲೊಳಗೆ ಹೋಗೋದು ಹೇಗೆ? ಅದೊಂದೂ ಇಲ್ವಲ್ಲ?"

"ಆವಾಗ ನನ್ನ ಎರಡೂ ಕೈ ಅವನ ಮೇಲಿರುತ್ತೆ," ಎಂದಳು ಏವ್ರಿಲ್.

ರೊಸಾಲಿಂಡ್ ಅವಳ ಕೈಗಳನ್ನು ನೋಡಿದಳು. "ನಾನು ಬಂದು ತೆಗೀಲಾ?"

"ಬೇಡ. ನೀವು ತೆಗೆದ್ರೆ ನಾನು ಹೊಲಿಯೋಳು ಮಾತ್ರ ಆಗ್ತೀನಿ."

"ಹಂಗಾದ್ರೆ ಹೇಗಾದ್ರೂ ಮಾಡಿ ನೀವೇ ತೆಗೀರಿ. ಅದೊಂದಿದ್ರೆ ಪುಸ್ತಕದಲ್ಲಿ ಒಂದು ಭಾಗ ಪೂರ್ತಿ ನಿಮ್ಮದು, ನಿಮ್ಮ ಹೆಸರಲ್ಲಿ. ಇಲ್ಲಾಂದ್ರೆ ಹತ್ತು ಜನರ ಕರಡಿ ಮಧ್ಯೆ ನಿಮ್ಮದೂ ಒಂದಾಗಿ ಹೋಗುತ್ತೆ."

ಆ ಸಂಜೆ ಕೆನ್ನಿ ಊಟಕ್ಕಿದ್ದ. ಏವ್ರಿಲ್ ಬಿಸಿ ಮಾಂಸದ ಪೈ ಕೊಯ್ದು ಇಬ್ಬರಿಗೂ ಬಡಿಸಿ ವಿಷಯ ಹೇಳಿದಳು. ಡೆಸ್ ಚಮಚ ಕೆಳಗಿಟ್ಟ.

"ಬೀದಿಗೆ ಬಂದ್ಮೇಲೆ ಕರಡಿ. ಅದಕ್ಕೆ ಮುಂಚೆ ಏನೂ ಇಲ್ಲ."

"ಕರಡಿ ಆಗೋದನ್ನ ಇವತ್ತಿನವರೆಗೂ ಒಂದು ನರಪಿಳ್ಳೆ ಕಂಡಿಲ್ಲ," ಎಂದ ಕೆನ್ನಿ, ಬಾಯಲ್ಲಿ ಪೈ ಇಟ್ಟುಕೊಂಡೇ.

"ನಾನು ಕಂಡಿಲ್ವೇನೋ ಕೆನ್ನಿ?"

"ಅಯ್ಯೋ, ನೀನು ಲೆಕ್ಕಕ್ಕಿಲ್ಲ ಮಾರಾಯ್ತಿ! ನೀನು ಮನೆಯೋಳು." ಕೆನ್ನಿ ನಕ್ಕ. "ಪೈ ಮಾತ್ರ ಲೆಕ್ಕಕ್ಕಿದೆ. ಇನ್ನೊಂದು ತುಂಡು ಹಾಕು."

ಅವಳು ಹಾಕಲಿಲ್ಲ. ಡೆಸ್ ಕಿಟಕಿಯ ಕಡೆ ನೋಡುತ್ತ ಹೇಳಿದ: "ನಿನ್ನ ಕ್ಯಾಮೆರಾ ಕರಡಿ ದಿನ ಅಡುಗೆಮನೇಲಿ ಕಂಡ್ರೆ, ಬರೋ ವರ್ಷದಿಂದ ಕೆನ್ನಿ ಹೆಂಡ್ತಿ ಹತ್ರ ಹೊಲಿಸ್ಕೋತೀನಿ. ಡಾಟ್‌ಗೂ ಹೊಲಿಗೆ ಬರುತ್ತೆ."

ಬೇರೆಯವಳಾಗಿದ್ದರೆ ಪೀಡೆ ತೊಲಗಿತು ಎನ್ನುತ್ತಿದ್ದಳೇನೋ. ಏವ್ರಿಲ್ ತಟ್ಟೆಗಳನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು, ನೀರು ತಣ್ಣಗಾಗುವವರೆಗೂ ಅಲ್ಲೇ ನಿಂತಳು. ಡೆಸ್ ಬೆದರಿಸಿದ್ದು ಕೆಲಸ ಕಸಿದುಕೊಳ್ಳುತ್ತೇನೆಂದಲ್ಲ ಎಂದು ಅವಳಿಗೆ ಗೊತ್ತಿತ್ತು. ವರ್ಷಕ್ಕೊಮ್ಮೆ, ಕಂಬಳಿ ಕಟ್ಟಿದ ಕಿಟಕಿಯ ಹಿಂದೆ, ಆ ಮನುಷ್ಯ ಅವಳ ಮುಂದೆ ತೋಳು ಚಾಚಿ ನಿಲ್ಲುತ್ತಿದ್ದ. ಎತ್ತು ಅಂದರೆ ಎತ್ತುತ್ತಿದ್ದ, ತಿರುಗು ಅಂದರೆ ತಿರುಗುತ್ತಿದ್ದ. ಅವನ ಬೆನ್ನು, ಕುತ್ತಿಗೆ, ತೊಡೆಗಳ ಸುತ್ತ ಅವಳ ಕೈ ಹೋಗಿ ಬರುತ್ತಿತ್ತು. ಉಳಿದ ದಿನಗಳಲ್ಲಿ ಉಪ್ಪಿನ ಡಬ್ಬಿ ದಾಟಿಸುವಾಗಲೂ ಇಬ್ಬರ ಬೆರಳು ತಾಕುತ್ತಿರಲಿಲ್ಲ.

ಜನವರಿಯ ಆ ಮುಂಜಾನೆ, ಅವಳು ಬಾಗಿಲು ತಟ್ಟಿದ ಮೇಲೆ, ಡೆಸ್ ಉದ್ದ ಒಳ ಉಡುಪಿನಲ್ಲಿ ಬಂದು ನೆಲಕ್ಕೆ ಹಾಸಿದ ಪೇಪರಿನ ಮೇಲೆ ನಿಂತ. ಅವಳು ಪಾದದಿಂದ ಶುರು ಮಾಡಿದಳು. ಹುಲ್ಲಿನ ಹಬೆ, ಒಲೆಯ ಕಾವು, ಅವನ ಮೈಯ ಸೋಪಿನ ವಾಸನೆ.

"ಕೈ ತಣ್ಣಗಿದೆ ನಿಂದು," ಎಂದ ಡೆಸ್.

ಅವಳು ಅಂಗೈಗಳಿಗೆ ಉಸಿರೂದಿ ಮತ್ತೆ ಮುಟ್ಟಿದಳು. "ಈಗ?"

"ಹೂಂ."

ಪಕ್ಕದ ಕೋಣೆಯಿಂದ ಐವಿ ಕೂಗಿದಳು: "ಕಂಕುಳಲ್ಲಿ ಸಡಿಲ ಬಿಡೇ! ಅವರಪ್ಪನಿಗೆ ಗಾಯ ಆಗಿ ವಾರಗಟ್ಟಲೆ ಮುಲಾಮು ಹಚ್ಚಿದೀನಿ ನಾನು!"

"ಬಿಟ್ಟಿದೀನಿ ಅತ್ತೆ, ಮಲಗಿ!"

ಡೆಸ್ ನಕ್ಕ. ನಕ್ಕಾಗ ಅವನ ಹೊಟ್ಟೆ ಅವಳ ಕೈಯ ಕೆಳಗೆ ಅಲುಗಿತು. ಸೊಂಟ, ಎದೆ, ತೋಳು. ತೋಳುಗಳು ಹುಲ್ಲಿನೊಳಗೆ ಸೇರಿದ ಮೇಲೆ ಗಂಜಿ ತಿನ್ನಿಸಿದಳು, ಗಲ್ಲಕ್ಕೆ ಸುರಿದದ್ದನ್ನು ಹೆಬ್ಬೆರಳಿನಿಂದ ಒರೆಸಿದಳು.

"ಡಾಟ್ ಕೈಲಿ ಆಗಲ್ಲ ಇದು," ಎಂದ ಡೆಸ್, ಮೆಲ್ಲಗೆ. "ಸುಮ್ನೆ ಅಂದಿದ್ದು ಅವತ್ತು. ನೀನು ಆ ಹುಚ್ಚು ಬಿಟ್ರೆ ಸಾಕು."

ಅವಳು ಹುಲ್ಲಿನ ಕರಡಿತಲೆಯನ್ನು ಎತ್ತಿ ಅವನ ತಲೆಗೆ ಇಳಿಸಿದಳು. ಮುಖ ಮುಚ್ಚಿತು. ಇನ್ನು ಉಳಿದದ್ದು ಕೊರಳ ಸುತ್ತಿನ ಹೊಲಿಗೆ.

ಕಪಾಟಿನ ಮೇಲೆ, ಹಿಟ್ಟಿನ ಡಬ್ಬಿಯ ಹಿಂದೆ, ಕ್ಯಾಮೆರಾ ಇತ್ತು. ಹಿಂದಿನ ದಿನವೇ ಕುರ್ಚಿಯೊಂದನ್ನು ಪೇಪರ್ ಹಾಸುವ ಜಾಗದಲ್ಲಿಟ್ಟು ಕ್ಯಾಮೆರಾದ ದೂರದ ಅಳತೆ ಹೊಂದಿಸಿದ್ದಳು. ಗುಂಡಿ ಒತ್ತಿದರೆ ಕ್ಯಾಮೆರಾ ಸ್ವಲ್ಪ ಹೊತ್ತು ಕಿರ್ರೆಂದು, ತಾನಾಗಿ ಚಿತ್ರ ತೆಗೆಯುತ್ತದೆ. ಒತ್ತಿದವಳೇ ಅಷ್ಟರಲ್ಲಿ ಚಿತ್ರದೊಳಗೆ ಬಂದು ನಿಲ್ಲಬಹುದು. ಮುಖ ಮುಚ್ಚಿದ ಮೇಲೆ ತೆಗೆದರೆ ಊರಿನ ಕಟ್ಟಳೆಯೂ ಮುರಿಯುವುದಿಲ್ಲ. ಡಬ್ಬಿ ಸರಿಸಿದಳು. ಕದ್ದು ತೆಗೆಯಲು ಮನಸ್ಸು ಬರಲಿಲ್ಲ.

"ಡೆಸ್, ಕ್ಯಾಮೆರಾ ಇಟ್ಟಿದೀನಿ."

ಹುಲ್ಲಿನ ಒಳಗಿನಿಂದ ದನಿ ಬಂತು, ಬಾವಿಯೊಳಗಿಂದ ಬಂದಂತೆ. "ಬೇಡ ಅಂದಿದ್ದೆ."

"ಮುಖ ಕಾಣಲ್ಲ."

"ಮುಖದ ಮಾತಲ್ಲ."

"ಮತ್ತಿನ್ನೇನು?"

"ಈ ಮನೇಲಿ ನಮ್ಮಿಬ್ರಿಗೇ ಅಂತ ಇರೋದು ಇದೊಂದೇ ಏವ್ರಿಲ್. ಇದನ್ನೂ ಊರಿಗೆಲ್ಲ ತೋರಿಸ್ತೀಯಾ?"

ಅವಳು ಕಪಾಟಿಗೆ ಕೈಯೂರಿದಳು. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದ, ಗೊತ್ತಿದ್ದೂ ಡಾಟ್‌ಳ ಹೆಸರು ಹೇಳಿದ್ದ. ಯಾವತ್ತಾದರೂ ಒಂದು ಸಂಜೆ ಟಿವಿ ಆರಿಸಿ ಇದೇ ಮಾತು ಹೇಳಿದ್ದರೆ ಅವಳು ಕ್ಯಾಮೆರಾವನ್ನು ಕಾಲುವೆಗೆ ಎಸೆದು ಬರುತ್ತಿದ್ದಳೋ ಏನೋ. ಈಗ, ಮುಖ ಕಾಣದ ಜಾಗದಿಂದ, ಅವಳನ್ನು ತಡೆಯಬೇಕಾದಾಗ ಹೇಳಿದ್ದ. ಆದರೂ ಮಾತು ಸುಳ್ಳಲ್ಲ. ಅದೇ ಕಷ್ಟವಾಗಿತ್ತು. ಬಳಿಗೆ ಹೋಗಿ ಆ ಹುಲ್ಲಿಗೆ ಹಣೆಯಿಟ್ಟು ನಿಲ್ಲಬೇಕೆನಿಸಿತು. ನಿಂತರೆ ಬರುವ ವರ್ಷವೂ ಹೀಗೆಯೇ ಒಂದು ಗಂಟೆ ಸಿಗುತ್ತದೆ, ಅದರ ಮುಂದಿನ ವರ್ಷವೂ. ಉಳಿದ ದಿನಗಳು ಉಳಿದ ದಿನಗಳಂತೆಯೇ ಇರುತ್ತವೆ.

ಓಣಿಯ ತುದಿಯಲ್ಲಿ ಡೋಲಿನ ಸದ್ದು ಶುರುವಾಯಿತು. ಕೆನ್ನಿಯ ಗುಂಪು ಬರುತ್ತಿತ್ತು. ಹುಲ್ಲಿನೊಳಗಿದ್ದವನು ತಲೆಯನ್ನು ಅತ್ತ ತಿರುಗಿಸಿದ, ಮತ್ತೆ ಇತ್ತ.

"ಏವ್ರಿಲ್? ಎಲ್ಲಿದೀಯ?"

"ಇಲ್ಲೇ ಇದೀನಿ," ಎಂದಳು.

ಗುಂಡಿ ಒತ್ತಿದಳು. ಕ್ಯಾಮೆರಾ ಕಿರ್ರೆನ್ನುತ್ತಿರುವಂತೆಯೇ ಅವನ ಬಳಿಗೆ ಬಂದು, ಒಂದು ಕೈಯನ್ನು ಅವನ ಹೆಗಲ ಮೇಲಿಟ್ಟು, ಇನ್ನೊಂದರಲ್ಲಿ ದಬ್ಬಣವನ್ನು ಕೊರಳ ಹತ್ತಿರ ಹಿಡಿದು, ತನ್ನ ಮುಖವನ್ನು ದೀಪದ ಬೆಳಕಿಗೆ, ಕ್ಯಾಮೆರಾದ ಕಡೆಗೆ ತಿರುಗಿಸಿದಳು.