ಅತ್ತೆ ಹೇಳಿಕಳಿಸಿದ ಮಾತು

ನಿನ್ನೆ ಮೊಮ್ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಅವಳ ಮುಖದ ಬಣ್ಣವನ್ನು ಕೊಬ್ಬರಿ ಎಣ್ಣೆ ಹಚ್ಚಿ ಒರೆಸುತ್ತಿದ್ದೆ. ಆ ವಾಸನೆಗೆ ಕೈ ನಿಂತುಹೋಯಿತು.

ನನ್ನ ಸೋದರತ್ತೆ ನಾಟಕ ಕಂಪನಿಯಲ್ಲಿ ಹಾಡಿ ಹೆಸರು ಮಾಡಿದವರು. ಸಿನಿಮಾಕ್ಕೂ ಹೋದರು, ಅಲ್ಲಿ ಅವರ ತುಟಿಗೆ ಬೇರೆಯವರ ದನಿ ಕೂಡಿಸಿದರು. ಅವಕಾಶ ನಿಂತ ಮೇಲೆ, ಹಳ್ಳಿಯ ಗಂಡಸರು ಆಡುವ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡಲು ಊರೂರು ಸುತ್ತಿದರು.

ತೊಂಡೇಬಾವಿಯ ನಾಟಕದ ದಿನ ಅತ್ತೆಗೆ ಗಂಟಲು ಕಟ್ಟಿತ್ತು. ಪರದೆಯ ಹಿಂದೆ, ಬಣ್ಣಕ್ಕೆ ಮೊದಲು ಮುಖಕ್ಕೆ ಹಚ್ಚುವ ಕೊಬ್ಬರಿ ಎಣ್ಣೆಯ ಕೈಯಲ್ಲೇ ನನ್ನ ಗಲ್ಲ ಹಿಡಿದು, "ಹಾರ್ಮೋನಿಯಂ ಮೇಷ್ಟ್ರಿಗೆ ಹೇಳಮ್ಮ, ಇವತ್ತು ಶ್ರುತಿ ಒಂದು ಮನೆ ಇಳಿಸ್ಲಿ. ಇಲ್ಲಾಂದ್ರೆ ನನ್ನ ಕಥೆ ಮುಗೀತು ಕಣೇ" ಎಂದರು.

ನಾನು ಹೇಳಲಿಲ್ಲ. ಮೇಷ್ಟರ ಸುತ್ತ ಊರಿನವರು ಕೂತಿದ್ದರು. ನಮ್ಮತ್ತೆಯ ಕೈಲಾಗದು ಎಂದು ಅವರೆದುರು ಹೇಳಲು ಹತ್ತು ವರ್ಷದ ನನಗೆ ಅವಮಾನವೆನಿಸಿತು.

ಮೊದಲ ಹಾಡಿನ ಏರಿನಲ್ಲೇ ದನಿ ಒಡೆಯಿತು. "ಸಿನಿಮಾದೋರನ್ನ ಕರೀರೋ, ಹಿಂದಿನಿಂದ ಹಾಡ್ಲಿ!" ಎಂದು ಯಾರೋ ಕೂಗಿದರು. ಜನ ನಕ್ಕರು. ಅತ್ತೆ ಉಳಿದ ಹಾಡುಗಳನ್ನೆಲ್ಲ ಬಿಟ್ಟು ಮಾತಿನಲ್ಲೇ ನಾಟಕ ಮುಗಿಸಿದರು.

"ಹೇಳಿದ್ಯೇನೇ?"

"ಹೇಳ್ದೆ ಅತ್ತೆ. ಅವರೇ ಇಳಿಸ್ಲಿಲ್ಲ."

ಇಪ್ಪತ್ತು ವರ್ಷ ತಮಗೆ ಜೊತೆಯಾಗಿ ನುಡಿಸಿದ ಮೇಷ್ಟರ ಮುಖವನ್ನು ಅತ್ತೆ ಮತ್ತೆ ನೋಡಲಿಲ್ಲ. ಅವರು ಬಾಗಿಲಿಗೆ ಬಂದಾಗ, "ಅತ್ತೆ ಇಲ್ಲ" ಎಂದು ಹೇಳಿ ಕಳಿಸಿದವಳೂ ನಾನೇ. ಅತ್ತೆ ಮತ್ತೆಂದೂ ಬಣ್ಣ ಹಚ್ಚಲಿಲ್ಲ. ಈಗ ಇಬ್ಬರೂ ಇಲ್ಲ.

ಈ ಮನೆಯಲ್ಲಿ ಸುಳ್ಳು ಹೇಳಿದವರಿಗೆ ನಾನು ಆ ಹೊತ್ತಿನ ಊಟ ಬಡಿಸುವುದಿಲ್ಲ. ಎಲ್ಲರಿಗೂ ಗೊತ್ತಿರುವ ನಿಯಮ.

"ಅಜ್ಜಿ, ನೀವ್ಯಾಕೆ ಊಟಕ್ಕೆ ಕೂರ್ಲಿಲ್ಲ?" ಎಂದು ನಿನ್ನೆ ಮೊಮ್ಮಗಳು ಕೇಳಿದಳು.